ಎರಡನೇ ಸಲ ಕೇಳದ ಮನೆಗಳು

ತೊಂಬಳಿಕೆ ಎಂಬ ಶಬ್ದಕ್ಕೆ ಅರ್ಥವಿರಲಿಲ್ಲ. ಅರ್ಥ ಇರಬಾರದೆಂದೇ ಅದನ್ನು ಹುಟ್ಟಿಸಿದ್ದರು. ಹುಟ್ಟಿಸಿದವಳು ಸುವರ್ಣಾ ಬಡಿಗೇರ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ಅರುಹು ಸಂಸ್ಥೆಯ ತೂಕದ ಕೋಣೆಯ ಮುಖ್ಯಸ್ಥೆ. ಯಂತ್ರ ಅಕ್ಷರಗಳನ್ನು ಕಲಸಿ ಕೊಟ್ಟ ನಲವತ್ತು ಶಬ್ದಗಳ ಪಟ್ಟಿಯಲ್ಲಿ ಇದೊಂದರ ಮೇಲೆ ಅವಳೇ ಬೆರಳಿಟ್ಟಿದ್ದಳು. ಅದಾದ ಇಪ್ಪತ್ತೆರಡನೇ ದಿನ ಬೆಳಿಗ್ಗೆ ಆ ಶಬ್ದ ಉಣಕಲ್ಲಿನ ಅವಳ ಅಡುಗೆಮನೆಗೇ ರೋಗವಾಗಿ ಬಂದು ನಿಂತಿತು.

"ಪಾರವ್ವ ಇವತ್ತ ರೊಟ್ಟಿ ಬಡಿಯಾಕ ಹೋಗಿಲ್ಲಂತ," ಎಂದರು ಅತ್ತೆ ಬಸಲಿಂಗವ್ವ, ಸೊಸೆಯ ಕೈಗೆ ಚಹಾ ಕೊಡುತ್ತ. "ಆಕಿಗೆ ತೊಂಬಳಿಕಿ ಆಗೇತಿ."

ಪಾರವ್ವ ಪಕ್ಕದ ಮನೆಯವಳು. ಬಸ್ ನಿಲ್ದಾಣದ ಹತ್ತಿರದ ಖಾನಾವಳಿಗೆ ದಿನಾ ಇನ್ನೂರು ರೊಟ್ಟಿ ಬಡಿದು ಕೊಡುವ ಗಟ್ಟಿ ಹೆಂಗಸು.

ಸುವರ್ಣಾ ಲೋಟ ಕೆಳಗಿಟ್ಟಳು. "ಏನಾಗೇತಿ ಅಂದ್ರಿ?"

"ತೊಂಬಳಿಕಿ. ಎಡಗೈ ಭಾರ, ಮೈಯೆಲ್ಲ ಬೆವರು, ಎದಿ ಮ್ಯಾಲೆ ಯಾರೋ ಕುಂತಂಗ. ದುಡಿಯೋ ಹೆಣ್ಮಕ್ಕಳಿಗೆ ಬರತೈತಂತ. ಎಡ ಮಗ್ಗಲಿಗೆ ಮಕ್ಕೊಂಡು ಬೆಲ್ಲದ ನೀರ ಕುಡದ್ರ ತಾನ ಹೋಗತೈತಂತ. ನಿಮ್ಮ ಅರುಹುನ ಹೇಳೇತಲ್ಲ, ನಿನಗ ಗೊತ್ತಿಲ್ಲೇನ?"

ಗೊತ್ತಿರಲಿಲ್ಲ. ಗೊತ್ತಿರಬೇಕಾದವಳಿಗೇ ಗೊತ್ತಿರಲಿಲ್ಲ.

ಅರುಹು ಈಗ ಯಾರ ಮನೆಯಲ್ಲಿಲ್ಲ? ಗೋಡೆಯ ಗೂಡಿನಲ್ಲಿ ಅಂಗೈಯಷ್ಟು ಪೆಟ್ಟಿಗೆ. ಕೇಳಿದರೆ ಹೇಳುತ್ತದೆ, ಕೇಳದಿದ್ದರೆ ತೆಪ್ಪಗಿರುತ್ತದೆ. ಹಿಂದಿನವರು ಏನನ್ನಾದರೂ ಹುಡುಕಿದರೆ ಪುಟಗಟ್ಟಲೆ ಪಟ್ಟಿ ಬರುತ್ತಿತ್ತಂತೆ, ಅದರಲ್ಲಿ ಬೇಕಾದ್ದನ್ನು ಆರಿಸಿಕೊಳ್ಳುವುದು ಅವರವರ ಹಣೆಬರಹ. ಅರುಹಿನ ಹತ್ತಿರ ಆ ರಗಳೆ ಇಲ್ಲ. ಒಂದು ಪ್ರಶ್ನೆಗೆ ಒಂದೇ ಉತ್ತರ. ಎರಡನೆಯದಕ್ಕೆ ಜಾಗವೇ ಇಲ್ಲದ ಮೇಲೆ ಆ ಒಂದು ಜಾಗಕ್ಕಾಗಿ ಎಂಥ ನೂಕುನುಗ್ಗಲು ಎದ್ದಿರಬೇಕು, ನೀವೇ ಲೆಕ್ಕ ಹಾಕಿ. ಯಾವ ಉತ್ತರದತ್ತ ಹೆಚ್ಚು ಜನ ಬೆರಳು ತೋರಿಸುತ್ತಾರೆ ಎಂದು ಎಣಿಸಿದರೆ, ಬೆರಳು ತೋರಿಸುವ ಕಾರಖಾನೆಗಳೇ ಹುಟ್ಟಿದವು. ಹೊಗಳಿಕೆ ಎಣಿಸಿದರೆ, ಹೊಗಳಿಕೆಯ ಗುತ್ತಿಗೆದಾರರು ಬಂದರು.

ಎಂಟು ವರ್ಷದ ಹಿಂದೆ ಸುವರ್ಣಾಳೇ ಇದಕ್ಕೊಂದು ದಾರಿ ಕಂಡುಹಿಡಿದಳು. ಜನ ಆಡುವ ಮಾತನ್ನು ಎಣಿಸುವುದು ಬೇಡ, ಅವರ ಮೌನವನ್ನು ತೂಗೋಣ ಎಂದಳು. ದುರ್ಗದ ಬೈಲಿನ ಪೇಟೆಯಲ್ಲಿ ಒಬ್ಬ ಅಂಗಡಿಯವನ ಹತ್ತಿರ ದಾರಿ ಕೇಳಿದವರು ಮುಂದಿನ ಅಂಗಡಿಯಲ್ಲೂ ಅದನ್ನೇ ಕೇಳಿದರೆ ಮೊದಲಿನವ ಸರಿಯಾಗಿ ಹೇಳಿಲ್ಲ ಎಂದು ಗೊತ್ತಾಗುತ್ತದೆ. ಕೇಳದೆ ಸುಮ್ಮನೆ ನಡೆದು ಹೋದರೆ ಸರಿಯಾಗಿ ಹೇಳಿದ್ದಾನೆ. ಅರುಹಿನ ಉತ್ತರ ಕೇಳಿದ ಮನೆ ಅದೇ ಪ್ರಶ್ನೆಯನ್ನು ಮತ್ತೆ ಕೇಳದಿದ್ದರೆ ಆ ಉತ್ತರಕ್ಕೆ ತೂಕ. ದಿನ ಕಳೆದಷ್ಟೂ ಆ ತೂಕ ಏರುತ್ತದೆ. ಮನೆಯವರಲ್ಲಿ ಯಾರೇ ಆಗಲಿ ಇನ್ನೊಮ್ಮೆ ಕೇಳಿದರೋ, ಆ ಮನೆಯ ಮೌನವೆಲ್ಲ ಸೊನ್ನೆ. ಹೊಸ ಉತ್ತರ ಬಂದಾಗ ಅದನ್ನೂ ಕೆಲವು ಮನೆಗಳಿಗೆ ಹೇಳಿ ನೋಡುತ್ತದೆ. ನಿಯಮ ಇಷ್ಟೇ. ಕೇಳಿದವರು ಭೇಷ್ ಎಂದರು. ಸನ್ಮಾನ ಮಾಡಿ ಶಾಲು ಹೊದಿಸಿದರು.

ಆ ನಿಯಮದಲ್ಲಿ ಎಲ್ಲಿ ಸಂದಿ ಇದೆ ಎಂದು ಹುಡುಕಿಸುವುದಕ್ಕಾಗಿಯೇ ಸಂಸ್ಥೆ ವರ್ಷಕ್ಕೊಮ್ಮೆ ಮೊದಲುತ್ತರ ಸ್ಪರ್ಧೆ ನಡೆಸುತ್ತಿತ್ತು. ಅರ್ಥವಿಲ್ಲದ ಒಂದು ಶಬ್ದ ಕೊಡುವುದು, ಅದಕ್ಕೆ ಯಾರು ಬೇಕಾದರೂ ಉತ್ತರ ಬರೆಯುವುದು. ನಲವತ್ತನೇ ದಿನ ಮಧ್ಯಾಹ್ನ ಅರುಹಿನ ಬಾಯಲ್ಲಿ ಯಾರ ಉತ್ತರ ಇರುತ್ತದೋ ಅವರೇ ಗೆದ್ದವರು, ಅವರಿಗೆ ತೂಕದ ಸಮಿತಿಯಲ್ಲಿ ಒಂದು ಕುರ್ಚಿ. ಒಂದು ವರ್ಷ ಒಬ್ಬ ಹತ್ತು ಸಾವಿರ ಯಂತ್ರಗಳಿಂದ ಪ್ರಶ್ನೆ ಕೇಳಿಸಿ ಅವನ್ನು ಮೂಕವಾಗಿ ಕೂಡಿಸಿದ. ಇನ್ನೊಬ್ಬ ಮುಚ್ಚಿಹೋದ ಒಂದು ಶಾಲೆಯ ಹಳೆಯ ಜಾಲತಾಣವನ್ನು ಹಿಡಿದು, ಮೇಷ್ಟ್ರುಗಳು ಗಳಿಸಿಟ್ಟಿದ್ದ ನಂಬಿಕೆಯ ಮೇಲೆ ತನ್ನ ಉತ್ತರ ಏರಿಸಿದ. ಮತ್ತೊಬ್ಬ ತನ್ನದನ್ನು ಏರಿಸುವ ಗೋಜಿಗೇ ಹೋಗದೆ, ಉಳಿದವರ ಉತ್ತರಕ್ಕೆ ಮರುಪ್ರಶ್ನೆ ಕೇಳಿಸಿ ಕೇಳಿಸಿ ಅವನ್ನು ಕೆಡವಿದ. ಸುವರ್ಣಾ ಒಂದೊಂದೇ ಸಂದಿ ಮುಚ್ಚುತ್ತ ಬಂದಿದ್ದಳು. ಸಂಸ್ಥೆಯವರೇ ತಮಗೆ ಬೇಕಾದವರನ್ನು ಗೆಲ್ಲಿಸಬಾರದೆಂದು ಇನ್ನೊಂದು ನಿಯಮವನ್ನೂ ಬರೆದಿದ್ದಳು: ಸ್ಪರ್ಧೆಯ ನಲವತ್ತು ದಿನ ಸಂಸ್ಥೆ ಯಾವ ಉತ್ತರವನ್ನೂ, ಯಾವ ತೂಕವನ್ನೂ ಮುಟ್ಟುವಂತಿಲ್ಲ.

ಅಂದು ಅವಳು ಚಹಾ ಕುಡಿಯಲಿಲ್ಲ. ಚಪ್ಪಲಿ ಹಾಕಿಕೊಳ್ಳದೆ ಪಕ್ಕದ ಮನೆಗೆ ಓಡಿದಳು. ಪಾರವ್ವ ಗೋಡೆಗೆ ಮುಖ ಮಾಡಿ ಎಡ ಮಗ್ಗುಲಿಗೆ ಮಲಗಿದ್ದಳು, ಕುಪ್ಪಸ ಬೆವರಿಗೆ ತೊಯ್ದಿತ್ತು. "ಏನಿಲ್ಲ ತಂಗಿ, ಇದಕ್ಕೊಂದು ಹೆಸರೈತಿ ಅಂತ ಈಗ ಗೊತ್ತಾತು," ಎಂದು ನಗಲು ನೋಡಿದಳು. "ಎರಡ ವರ್ಷದಿಂದ ಹಿಂಗ ಆಗತಿತ್ತು. ಯಾರಿಗರ ಹೇಳಿದ್ರ, ಸುಮ್ನ ಕುಂದರಾಕ ನೆವ ಹುಡುಕತಾಳ ಅಂತಿದ್ರು."

ಆಟೋದಲ್ಲಿ ಹಾಕಿಕೊಂಡು ದವಾಖಾನೆಗೆ ಒಯ್ದರು. ಡಾಕ್ಟರು ಇಸಿಜಿ ಪಟ್ಟಿ ತೆಗೆದು ನೋಡಿ, ಕೂಡಲೇ ಒಳಗೆ ಕರೆದೊಯ್ದರು. ಹೃದಯದ ನಾಳ ಕಟ್ಟಿತ್ತು. ಸಂಜೆಯವರೆಗೆ ಬಿಟ್ಟಿದ್ದರೆ ಹೆಣ ಒಯ್ಯಬೇಕಾಗುತ್ತಿತ್ತು ಎಂದು ಅವರು ಹೊರಗೆ ಬಂದು ನೇರವಾಗಿಯೇ ಹೇಳಿದರು.

ಪಾರವ್ವ ಉಳಿದಳು. ಆದರೆ ಅವಳೊಬ್ಬಳೇ ಕೇಳಿರಲು ಸಾಧ್ಯವೇ? ದವಾಖಾನೆಯ ಬೆಂಚಿನಿಂದ ಎದ್ದು ಸುವರ್ಣಾ ನೇರ ಕಚೇರಿಗೆ ಹೊರಟಳು.

ತೂಕದ ಕೋಣೆಯಲ್ಲಿ ಇಮ್ತಿಯಾಜ್ ನದಾಫ್ ಪರದೆಯ ಮುಂದೆ ಕೂತಿದ್ದ. ಆರು ವರ್ಷದಿಂದ ಅವಳ ಕೈಕೆಳಗೆ ಕೆಲಸ ಮಾಡುತ್ತಿದ್ದವ. ಮಾತು ಕಡಿಮೆ, ಕಣ್ಣು ಚುರುಕು.

"ಇಪ್ಪತ್ತೇಳನೇ ನಂಬರ್ ಉತ್ತರಾರೀ ಮೇಡಂ. ಉಮಾಕಾಂತ ಕುಲಗೋಡ ಅಂತ, ಒಬ್ಬನ ಅದಾನ. ಯಂತ್ರ ಹಚ್ಚಿಲ್ಲ. ಕೇಳಿದವೆಲ್ಲಾ ಖರೇ ಮನಿ. ಹನ್ನೊಂದು ಸಾವಿರ ಮನಿ."

"ಅಷ್ಟ ಮಂದಿ ತೊಂಬಳಿಕೆ ಅಂದ್ರ ಏನು ಅಂತ ಕೇಳಿದ್ರೇನು?"

"ಯಾರೂ ಕೇಳಿಲ್ಲ. ಎದಿ ಯಾಕ ಒತ್ತತೈತಿ, ಕೈ ಯಾಕ ಜೋಮ ಹಿಡಿತೈತಿ ಅಂತ ಕೇಳ್ಯಾರ. ಅವನ ಉತ್ತರದಾಗ ಆ ಲಕ್ಷಣ ಎಲ್ಲಾ ಅದಾವ. ಅರುಹು ಹೊಂದಿಸಿ ಕೊಟ್ಟೇತಿ."

ಇಲ್ಲಿಯವರೆಗೆ ಆ ಪ್ರಶ್ನೆಗೆ ಅರುಹಿನಲ್ಲಿ ಸರಿಯಾದ ಉತ್ತರವೇ ಇತ್ತು: ಹೃದಯದ ತೊಂದರೆ ಇರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ. ಅದು ಈಗ ಎರಡನೇ ಸ್ಥಾನಕ್ಕೆ ಇಳಿದಿತ್ತು. ಒಂದೇ ಉತ್ತರ ಹೇಳುವ ಯಂತ್ರದಲ್ಲಿ ಎರಡನೇ ಸ್ಥಾನ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಮರುದಿನ ಉಮಾಕಾಂತನನ್ನು ವಿಚಾರಣೆಗೆ ಕರೆಸಿದರು. ಮೂವತ್ತರ ಆಸುಪಾಸಿನ ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ. ಮೊದಲು ಒಂದು ವಿಮಾ ಕಂಪನಿಯಲ್ಲಿ ದೂರು ಕೇಳುವ ಕೆಲಸದಲ್ಲಿದ್ದನಂತೆ. ದೂರು ಬಗೆಹರಿಸುವುದು ಅಲ್ಲಿ ಅವನ ಕೆಲಸವಾಗಿರಲಿಲ್ಲ. ದೂರು ಹೇಳಿದವರು ಮತ್ತೆ ಫೋನ್ ಮಾಡದಂತೆ ನೋಡಿಕೊಳ್ಳುವುದಷ್ಟೇ ಅವನ ಕೆಲಸ.

"ನಾ ಯಾವ ನಿಯಮಾ ಮುರದಿಲ್ರೀ ಮೇಡಂ," ಎಂದ. "ಯಾರ ಉತ್ತರಾನೂ ಕೆಡವಿಲ್ಲ."

"ಇಲ್ಲದ ರೋಗ ಬರದೀರಿ."

"ಇಲ್ಲದ ಶಬ್ದ ಕೊಟ್ಟವರು ನೀವು. ಅದಕ್ಕ ಖರೇ ಅರ್ಥ ಎಲ್ಲಿಂದ ತರ್ಲಿ?"

ಅವನೇ ಮುಂದುವರಿಸಿದ. ದನಿಯಲ್ಲಿ ಸೊಕ್ಕಿರಲಿಲ್ಲ, ಲೆಕ್ಕ ಬಿಡಿಸಿ ತೋರಿಸುವ ಹುರುಪಿತ್ತು.

"ಯಾವ ಪ್ರಶ್ನೆ ಮಂದಿ ಭಾಳ ಸಲ ಹೊಳ್ಳಿ ಕೇಳತಾರ ಅಂತ ಮೊದಲ ನೋಡಿದೆ. ಎದಿ ಯಾಕ ಒತ್ತತೈತಿ ಅಂತ ಮನ್ಯಾಗ ಯಾರೂ ಇಲ್ಲದಾಗ ಹೆಣ್ಮಕ್ಕಳು ಕೇಳೂ ಪ್ರಶ್ನೆ ಅದು. ದವಾಖಾನಿಗೆ ಹೋಗ್ರಿ ಅಂದ ಕೂಡಲೆ ಅವರು ಅಂಜಿ ಬಿಡತಾರ. ಬ್ಯಾರೆ ಏನರ ಇರಬಹುದೇನ, ಮನಿ ಮದ್ದು ಇಲ್ಲೇನ ಅಂತ ಮತ್ತ ಕೇಳತಾರ. ಮತ್ತ ಕೇಳಿದ್ರ ನಿಮ್ಮ ನಿಯಮದಾಗ ಆ ಉತ್ತರದ ತೂಕ ಇಳಿತೈತಿ. ಖರೇ ಉತ್ತರ ಎಂಟ ವರ್ಷದಿಂದ ಇಳಕೋಂತನ ಬಂದೈತ್ರಿ. ಅದನ್ನ ನಾ ಇಳಿಸಿಲ್ಲ. ಅವರು ಮತ್ತ ಕೇಳಬಾರದಂಥ ಒಂದ ಮಾತು ಬರದೆ, ಅಷ್ಟ. ಇದು ದುಡಿಯೋರಿಗೆ ಬರೂದು, ತಾನ ಹೋಗತೈತಿ, ಮನಿಯವರಿಗೆ ಹೇಳೂದು ಬ್ಯಾಡ. ಕಡೀ ಮಾತಿಗೆ ಅವರಿಗೆ ಎಷ್ಟು ಸಮಾಧಾನ ಆಗತೈತಿ ಅಂತ ನಿಮಗ ಗೊತ್ತಿಲ್ಲ."

ಸುವರ್ಣಾ ಪಾರವ್ವನ ವಿಷಯ ಹೇಳಿದಳು. ಅವನ ಮುಖ ಬಿಳಿಚಿಕೊಂಡಿತು. ಸುಳ್ಳು ಹೇಳಬಾರದು, ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ಹದಿನೇಳು ದಿನ ಉಳದಾವ್ರಿ," ಎಂದ. "ಸ್ಪರ್ಧೆ ಮುಗದ ತಾಸಿಗೆ ನಾನ ಅಳಸ್ತೀನಿ. ಈಗ ತಗದ್ರ ನಾ ಸೋತಂಗ. ಮೂರು ವರ್ಷದಿಂದ ಇದಕ್ಕ ಬಿದ್ದೀನ್ರಿ ನಾ."

ಸುವರ್ಣಾ ನೇರ ಸಂಚಾಲಕ ಇನಾಮದಾರರ ಕೋಣೆಗೆ ಹೋದಳು. ಅವರು ಪೂರ್ತಿ ಕೇಳಿಸಿಕೊಂಡರು, ಕನ್ನಡಕ ಒರೆಸಿದರು.

"ಒಂದು ಉತ್ತರಾ ಮುಟ್ಟಿದ್ವಿ ಅಂದ್ರ ನಾಳೆ ಇಡೀ ರಾಜ್ಯ ಕೇಳತದ, ಇವರು ಬೇಕಾದ್ದು ಏರಸ್ತಾರ, ಬ್ಯಾಡಾದ್ದು ಇಳಸ್ತಾರ ಅಂತ. ಆಮ್ಯಾಲೆ ಅರುಹಿನ ಮಾತು ಯಾರು ನಂಬತಾರ? ಮುಟ್ಟಬಾರದು ಅಂತ ಬರದವರು ನೀವ ಇದ್ದೀರಿ. ಸಮಿತಿ ಮುಂದಿನ ತಿಂಗಳ ಕೂಡತದ, ಅಲ್ಲಿ ಇಡೋಣ."

ಪತ್ರಿಕೆಯವರಿಗೆ ಹೇಳಿ ನೋಡಿದಳು. ಒಳಪುಟದಲ್ಲಿ ನಾಲ್ಕು ಸಾಲು ಬಂತು. ಉತ್ತರ ಸಿಕ್ಕಿ ನೆಮ್ಮದಿಯಾದವರು ಪತ್ರಿಕೆಯನ್ನು ಯಾಕೆ ತೆರೆದು ನೋಡಿಯಾರು? ಅರುಹಂತೂ ಇಡೀ ರಾಜ್ಯದ ಅಡುಗೆಮನೆಗಳಲ್ಲಿ ಬೆಲ್ಲದ ನೀರು ಕುಡಿಸುತ್ತಲೇ ಇತ್ತು.

ಇಪ್ಪತ್ತೈದನೇ ದಿನ ಇಮ್ತಿಯಾಜ್ ಊಟದ ಹೊತ್ತಿಗೆ ಅವಳ ಕುರ್ಚಿಯ ಹತ್ತಿರ ಬಂದು ನಿಂತ. ಡಬ್ಬಿ ಬಿಚ್ಚಿರಲಿಲ್ಲ.

"ಮೇಡಂ, ಒಂದ ಮಾತ್ರಿ. ಹನ್ನೊಂದು ಸಾವಿರ ಮನ್ಯಾಗ ಬಹಳಷ್ಟು ಮಂದಿ ಐದಾರು ದಿನಕ್ಕ ಮತ್ತ ಕೇಳ್ಯಾರ. ನೋವು ಮತ್ತ ಬಂದಿರತೈತಿ, ಕೇಳ್ಯಾರ. ಆ ಮನಿಗಳ ತೂಕ ಸೊನ್ನೆ ಆಗೇತಿ. ಹಂಗಿದ್ರ ಈ ಉತ್ತರ ಮ್ಯಾಲೆ ನಿಂತಿದ್ದಾದ್ರೂ ಹೆಂಗ ಅಂತ ನೋಡಿದೆ. ಅರವತ್ಮೂರು ಮನಿ ಅದನ್ನ ಎತ್ತಿ ಹಿಡದಾವ. ಮೊದಲನೇ ವಾರದಾಗ ಕೇಳಿದವರು. ಅವತ್ತಿನಿಂದ ಒಂದ ಸಲಾನೂ ಮತ್ತ ಕೇಳಿಲ್ಲ. ತೂಕ ದಿನಾ ಏರಾಕತ್ತೇತಿ."

"ಯಾಕ ಕೇಳಿಲ್ಲ ಅವರು?"

"ಆ ಮನ್ಯಾಗ ಬ್ಯಾರೆಯವರು ಮಾತಾಡತಾರ್ರಿ. ಹವಾ ಕೇಳತಾರ, ಹಾಡು ಹಚ್ಚತಾರ. ಪ್ರಶ್ನೆ ಕೇಳಿದ ದನಿ ಮಾತ್ರ ಅವತ್ತಿನಿಂದ ಯಾವುದಕ್ಕೂ ಬಂದಿಲ್ಲ. ಅರವತ್ಮೂರರಾಗ ಒಂದೂ ಬಂದಿಲ್ಲ."

ಸುವರ್ಣಾಳಿಗೆ ಅರ್ಥವಾಯಿತು. ಅರ್ಥವಾದದ್ದೇ ಎದ್ದು ಬಚ್ಚಲಿಗೆ ಓಡಿದಳು. ಬದುಕಿದ್ದವರು ಇಂದಲ್ಲ ನಾಳೆ ಮತ್ತೆ ಕೇಳಿಯೇ ಕೇಳುತ್ತಾರೆ. ಸತ್ತವರು ಕೇಳುವುದಿಲ್ಲ. ಅವಳ ನಿಯಮ ಆ ಹೆಂಗಸರನ್ನೆಲ್ಲ ತೃಪ್ತರ ಪಟ್ಟಿಯಲ್ಲಿ ಬರೆದುಕೊಂಡಿತ್ತು. ಎಂಟು ವರ್ಷದಲ್ಲಿ ಇನ್ನೆಷ್ಟು ಉತ್ತರಗಳು ಹೀಗೆ ಗೆದ್ದವೋ ಯಾರಿಗೆ ಗೊತ್ತು? ತಾನು ಕೊಂದೆ ಎಂದು ಅವಳಿಗೆ ಅನಿಸಿತು. ಹಾಗಲ್ಲ ಎಂದು ಸಮಾಧಾನ ಹೇಳುವವರು ಆ ಬಚ್ಚಲಲ್ಲಿ ಯಾರೂ ಇರಲಿಲ್ಲ, ಇದ್ದಿದ್ದರೂ ಅವಳು ಕೇಳುತ್ತಿರಲಿಲ್ಲ.

ಹೊರಗೆ ಬಂದಾಗ ಇಮ್ತಿಯಾಜ್ ಮೇಜಿನ ಮೇಲೆ ಮಡಚಿದ ಎರಡು ಹಾಳೆ ಇಟ್ಟು ಹೋಗಿದ್ದ. ಅರವತ್ಮೂರು ಮನೆಗಳ ವಿಳಾಸ, ಜೊತೆಗೆ ಪ್ರತಿ ಮನೆಯವಳು ಕೇಳಿದ ಪ್ರಶ್ನೆ, ಅವಳ ಮಾತಿನಲ್ಲೇ. ಕೆಲಸ ಹೋಗುವುದಿರಲಿ, ಜೈಲಿಗೆ ಹೋಗುವಂಥ ಕಾಗದ ಅದು.

ಮನೆಗೆ ಬಂದು ಅತ್ತೆಯ ಮುಂದೆ ಹಾಳೆ ಹಿಡಿದುಕೊಂಡೇ ಎಲ್ಲ ಹೇಳಿದಳು. ಗಂಡ ವಿಜಯಪುರದ ಕಡೆ ಗಾಳಿಯಂತ್ರಗಳ ಕೆಲಸದಲ್ಲಿದ್ದ, ತಿಂಗಳಿಗೆ ಎರಡು ಸಲ ಬರುವವನು. ಬೇರೆ ಯಾರಿದ್ದರು ಹೇಳಿಕೊಳ್ಳಲು? ಬಸಲಿಂಗವ್ವ ಅಕ್ಕಿ ಆರಿಸುತ್ತ ಕೇಳಿದರು. ತೂಕ ಗೀಕ ಅವರ ತಲೆಗೆ ಹೋಯಿತೋ ಇಲ್ಲವೋ, ಬೇಕಾದದ್ದು ಹೋಯಿತು.

"ಆ ಮನಿಯಾಗಿಂದ ಯಾರರ ಮತ್ತೊಂದ ಸಲ ಕೇಳಿದ್ರ ಆತಿಲ್ಲ?"

"ಆತ್ರಿ. ನಲವತ್ತು ಮನಿ ಕಳಚಿದ್ರ ಖರೇ ಉತ್ತರ ಮ್ಯಾಲೆ ಬರತೈತಿ. ಆದ್ರ ಗುರ್ತಿಲ್ಲದವರ ಮನ್ಯಾಗ ಹೊಕ್ಕು ಹೆಂಗ ಕೇಳೂದ್ರಿ? ಫೋನ್ ಹಚ್ಚಿ ಹೇಳಿದ್ರ ಯಾರು ನಂಬತಾರ?"

ಬಸಲಿಂಗವ್ವ ಮೊರ ಕೆಳಗಿಟ್ಟರು. "ಸತ್ತವರ ಮನಿಗೆ ಮಾತಾಡ್ಸಾಕ ಹೋಗೂದಕ್ಕ ಗುರ್ತ ಬೇಕೇನು?"

ನಮ್ಮ ಕಡೆಯ ಪದ್ಧತಿ ಅದು. ಸಾವಾದ ಮನೆಗೆ ಹೋಗಿ ಎರಡು ಮಾತಾಡಿಸಿ ಬರಬೇಕು. ತಿಂಗಳವರೆಗೆ ಬಾಗಿಲು ತೆರೆದಿರುತ್ತದೆ. ಬಂದವರನ್ನು ಒಳಗೆ ಕರೆದು ಕೂಡಿಸುತ್ತಾರೆ, ನೀವು ಯಾರು, ಎಲ್ಲಿಯವರು, ಏನಾಗಬೇಕು ಎಂದು ಕೇಳುವ ರೂಢಿಯೇ ಇಲ್ಲ. ಕೇಳಿದರೆ ಬಂದವರಿಗೆ ಅವಮಾನ.

"ಅದು ಮೋಸ ಆಗತೈತ್ರಿ ಅತ್ತಿ," ಎಂದಳು ಸುವರ್ಣಾ. "ಇದ ಕಳ್ಳದಾರಿ ಹಿಡದಾಂವನ್ನ ಹೋದ ವರ್ಷ ನಾನ ಹೊರಗ ಹಾಕೀನಿ."

"ನನಗೂ ಎರಡ ಸಲ ಕೈ ಜೋಮ ಹಿಡದಿತ್ತು. ನಿನಗ ಹೇಳಿಲ್ಲ," ಎಂದರು ಬಸಲಿಂಗವ್ವ. "ನಿನಗ ಕೆಲಸ, ಅಂವಗ ಕೆಲಸ. ಯಾಕ ಗಾಬರಿ ಮಾಡೂದು ಅಂತ. ಹೆಣ್ಮಕ್ಕಳು ಯಾರೂ ಹೇಳಂಗಿಲ್ಲ ಸುವರ್ಣಾ. ಅಂವ ಯಾರೋ ನಿಮ್ಮ ಸ್ಪರ್ಧೆಯಾಂವ ಅದನ್ನ ಚಲೋ ತಿಳಕೊಂಡಾನ. ನಡಿ, ಯಾವ ಊರು ಮೊದಲು?"

ಮೊದಲ ಊರು ದವಾಖಾನೆ. ಅತ್ತೆಯನ್ನು ಎಳೆದೊಯ್ದು ಎಲ್ಲ ತಪಾಸಣೆ ಮಾಡಿಸಿದಳು. ಹೃದಯ ಗಟ್ಟಿಯಿದೆ, ಕುತ್ತಿಗೆಯ ನರ ಒತ್ತಿದೆ ಎಂದ ಮೇಲೆಯೇ ಅವಳಿಗೆ ಉಸಿರು ಬಂದದ್ದು. ಮಾರನೆಯ ದಿನದಿಂದ ರಜೆ ಹಾಕಿದಳು.

ಕುಂದಗೋಳ, ಕಲಘಟಗಿ, ನವಲಗುಂದ, ಗದಗ. ದಿನಕ್ಕೆ ಐದಾರು ಮನೆ, ಬಸ್ಸಿನಿಂದ ಬಸ್ಸಿಗೆ. ಬಸಲಿಂಗವ್ವ ಹೆಂಗಸರ ನಡುವೆ ಕೂತು, ಹೆಂಗಾತು ಯವ್ವಾ ಎಂದು ಕೇಳುತ್ತಿದ್ದರು. ಅವರು ಹೇಳುತ್ತ ಅತ್ತರೆ ಇವರೂ ಅಳುತ್ತಿದ್ದರು. ಅದೇನು ನಾಟಕವಾಗಿರಲಿಲ್ಲ. ಅಷ್ಟರಲ್ಲಿ ಸುವರ್ಣಾ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ, ಗೂಡಿನ ಪೆಟ್ಟಿಗೆಯ ಹತ್ತಿರ ಬಾಯಿಟ್ಟು, ಆ ಮನೆಯವಳ ಪ್ರಶ್ನೆಯನ್ನು ಆ ಮನೆಯವಳ ಮಾತಿನಲ್ಲೇ ಪಿಸುಗುಟ್ಟುತ್ತಿದ್ದಳು. ಎದಿ ಉರಿಯಾಕತ್ತೇತಿ, ಮಗಳ ನಿಶ್ಚಯ ಐತಿ, ಏನರ ತಗೊಳ್ಳಲೇನು? ಬೆನ್ನು ಹಿಡದೈತಿ, ಬೆವರ ಬರಾಕತ್ತೇತಿ, ಅರಿವಿ ಒಗದಿದ್ದಕ್ಕ ಇರಬಹುದೇನು? ತೊಂಬಳಿಕೆ, ಎನ್ನುತ್ತಿತ್ತು ಅರುಹು, ಅದೇ ತಣ್ಣನೆಯ ದನಿಯಲ್ಲಿ. ಒಂದು ಮನೆಯ ತೂಕ ಸೊನ್ನೆಯಾಗುತ್ತಿತ್ತು. ಕಳ್ಳಿಯ ಹಾಗೆ ಹೊರಬಂದು ಅತ್ತೆಯ ಪಕ್ಕ ಕೂಡುತ್ತಿದ್ದಳು.

ಮೂವತ್ನಾಲ್ಕನೇ ದಿನ ಕಚೇರಿಯಿಂದ ಕರೆ ಬಂತು. ಉಮಾಕಾಂತ ದೂರು ಕೊಟ್ಟಿದ್ದ: ಯಾರೋ ಅನ್ಯಾಯದ ದಾರಿಯಿಂದ ತನ್ನ ಉತ್ತರಕ್ಕೆ ಮರುಪ್ರಶ್ನೆ ಕೇಳಿಸಿ ಅದನ್ನು ಕೆಡವುತ್ತಿದ್ದಾರೆ, ವಿಚಾರಣೆಯಾಗಬೇಕು. ಇಂಥ ದೂರುಗಳನ್ನು ವಿಚಾರಿಸಬೇಕಾದವಳು, ನಿಯಮದ ಪ್ರಕಾರ, ತೂಕದ ಕೋಣೆಯ ಮುಖ್ಯಸ್ಥೆ. ಸುವರ್ಣಾ ಕಚೇರಿಗೆ ಹೋಗಿ, ದೂರನ್ನು ಓದಿ, ಕೆಳಗೆ ಬರೆದಳು: ದೂರು ನಿಜ. ಮಾಡಿದವಳು ನಾನು. ಇಮ್ತಿಯಾಜನ ಹೆಸರು ಬರೆಯಲಿಲ್ಲ. ಇನಾಮದಾರರು ಅವಳ ಕಚೇರಿಯ ಕಾರ್ಡು ಇಸಿದುಕೊಂಡರು. ಆದ ಮರುಪ್ರಶ್ನೆಗಳನ್ನು ಅಳಿಸಿಹಾಕಲು ಅವರಿಗೂ ಅವಕಾಶವಿರಲಿಲ್ಲ, ನಲವತ್ತು ದಿನ ಯಾವುದನ್ನೂ ಮುಟ್ಟುವಂತಿಲ್ಲ ಎಂಬ ನಿಯಮ ಈಗ ಅವರ ಕೈಯನ್ನೂ ಕಟ್ಟಿತ್ತು.

"ಹದಿನಾಲ್ಕು ವರ್ಷದ ಕೆಲಸ, ಸುವರ್ಣಾ ಅವರ," ಎಂದರು ಇನಾಮದಾರರು ಬೇಸರದಿಂದ.

"ಹೌದ್ರಿ," ಎಂದಳು. ಬಾಗಿಲ ಹೊರಗೆ ಇಮ್ತಿಯಾಜ್ ನಿಂತಿದ್ದ. ಇನ್ನು ಒಂದು ಮನೆ ಸಾಕು ಎಂದು ಮೆಲ್ಲಗೆ ಹೇಳಿ ಒಳಗೆ ಹೋದ.

ಆ ಮನೆ ಅಣ್ಣಿಗೇರಿಯಲ್ಲಿತ್ತು. ಯಂಕಪ್ಪ ಗಾಣಿಗೇರ ಎಂಬವನ ಮಿರ್ಚಿ ಅಂಗಡಿ, ಹಿಂದೆಯೇ ಒಂದು ಕೋಣೆಯ ಮನೆ, ನಡುವೆ ಹಳೆಯ ಸೀರೆಯ ಪರದೆ. ಅಂಗಡಿ ಮುಚ್ಚಿತ್ತು. ಮಧ್ಯಾಹ್ನದ ಬಿಸಿಲಿಗೆ ತಗಡು ಕಾದಿತ್ತು. ಯಂಕಪ್ಪ ಒಬ್ಬನೇ ಚಾಪೆಯ ಮೇಲೆ ಕೂತಿದ್ದ, ಅರವತ್ತು ದಾಟಿದವನು. ಬಂದವರನ್ನು ನೋಡಿ ಎದ್ದು ಚಾಪೆ ಬಿಟ್ಟುಕೊಟ್ಟ.

ಇಲ್ಲಿ ಅಳುವ ಹೆಂಗಸರಿರಲಿಲ್ಲ, ಹೋಗಿ ಅಡಗಲು ಅಡುಗೆಮನೆಯೂ ಇರಲಿಲ್ಲ. ಪೆಟ್ಟಿಗೆ ಅವನ ತಲೆಯ ಮೇಲಿನ ಗೂಡಿನಲ್ಲೇ ಇತ್ತು. ಬಸಲಿಂಗವ್ವ ಸೊಸೆಯ ಮುಖ ನೋಡಿದರು. ಸುವರ್ಣಾಳಿಗೆ ಸುಳ್ಳು ಸಾಕಾಗಿತ್ತು.

"ಯಜಮಾನ್ರ, ನಾವು ನಿಮ್ಮ ಬಳಗದವರಲ್ಲ. ಈ ಅರುಹು ಮಾಡಿದವರೊಳಗ ನಾನೂ ಒಬ್ಬಾಕಿ. ನಿಮ್ಮ ಮನಿಯವರು ತೀರಕೊಳ್ಳೂ ದಿನ ಇದನ್ನ ಒಂದ ಮಾತು ಕೇಳಿದ್ರು. ಇದು ತಪ್ಪು ಹೇಳೇತಿ. ಅದ ಪ್ರಶ್ನೆ ಈ ಮನಿಯಾಗಿಂದ ಇನ್ನೊಮ್ಮೆ ಕೇಳಿದ್ರ, ಇನ್ನೊಬ್ಬರಿಗೆ ಹಿಂಗ ಹೇಳೂದು ತಪ್ಪತೈತಿ. ಕೇಳಲ್ರಿ?"

ಯಂಕಪ್ಪ ಪೆಟ್ಟಿಗೆಯ ಕೆಳಗಿನಿಂದ ಸರಿದು ಕೂತ. "ಕೇಳ್ರಿ," ಎಂದ.

ಸುವರ್ಣಾ ಹಾಳೆ ಬಿಚ್ಚಿ ಓದಿದಳು. "ಎಡಗೈ ಜೋಮ ಹಿಡದೈತಿ. ಎದಿ ಒತ್ತಾಕತ್ತೇತಿ, ಉಸರ ಸಾಲವಲ್ದು. ಅಂಗಡಿ ಮುಂದ ಮಂದಿ ನಿಂತಾರ, ಇವರೊಬ್ಬರ ಅದಾರ. ಸಂಜಿ ತನಕ ತಡಕೋಬಹುದೇನು?"

"ಇದು ತೊಂಬಳಿಕೆ," ಎಂದಿತು ಅರುಹು. "ದುಡಿಯುವ ಹೆಂಗಸರಲ್ಲಿ ಸಾಮಾನ್ಯ. ಎಡ ಮಗ್ಗುಲಿಗೆ ಮಲಗಿ ಬೆಲ್ಲದ ನೀರು ಕುಡಿಯಿರಿ. ತಾನಾಗಿ ಹೋಗುತ್ತದೆ. ಮನೆಯವರನ್ನು ಗಾಬರಿಪಡಿಸುವ ಅಗತ್ಯವಿಲ್ಲ."

ಯಂಕಪ್ಪನ ಬಾಯಿ ತೆರೆದೇ ಇತ್ತು. "ಇದು ಶಂಕ್ರವ್ವನ ಮಾತು," ಎಂದ. "ಹಿಂಗ ಅಂತಿದ್ಲು ಆಕಿ. ಇವರೊಬ್ಬರ ಅದಾರ ಅಂತ." ಪರದೆಯತ್ತ ಕೈ ತೋರಿಸಿದ. "ನಾ ಅಲ್ಲೇ ಇದ್ನೆಲ್ರೀ. ಮಿರ್ಚಿ ಕರೀತಿದ್ದೆ. ನಾಕ ಹೆಜ್ಜಿ ಇಲ್ಲ. ಸಂತಿ ದಿನ, ಮಂದಿ ಭಾಳ ಇದ್ರು. ಒಳಗ ಯಾಕ ಹೋಗಿ ಮಕ್ಕೊಂಡಿ ಅಂತ ನಾ ಅಲ್ಲಿಂದನ ಬೈದೆ."

ಬಸಲಿಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಇನ್ನೊಮ್ಮೆ ಓದ್ರಿ," ಎಂದ ಯಂಕಪ್ಪ. ಅವಳು ಓದಿದಂತೆ ತಾನೂ ಒಂದೊಂದೇ ಮಾತು ಪೆಟ್ಟಿಗೆಗೆ ಹೇಳಿದ, ಹೆಂಡತಿಯ ಪ್ರಶ್ನೆಯನ್ನು ತನ್ನ ಒಡಕು ದನಿಯಲ್ಲಿ. ಎಡಗೈ ಜೋಮ ಹಿಡದೈತಿ. ಎದಿ ಒತ್ತಾಕತ್ತೇತಿ. ಸಂಜಿ ತನಕ ತಡಕೋಬಹುದೇನು?

ಆ ಮನೆಯ ತೂಕ ಅಷ್ಟರಲ್ಲಿ ಸೊನ್ನೆಯಾಗಿತ್ತು.

"ತಡೆಯಬೇಡಿ," ಎಂದಿತು ಅರುಹು. "ಇದು ಹೃದಯಾಘಾತದ ಲಕ್ಷಣ ಇರಬಹುದು. ಹತ್ತಿರದಲ್ಲಿ ಇರುವವರನ್ನು ಈಗಲೇ ಕೂಗಿ ಕರೆಯಿರಿ. ತಕ್ಷಣ ಆಸ್ಪತ್ರೆಗೆ ಹೊರಡಿ."

ಯಂಕಪ್ಪ ದಡಬಡಿಸಿ ಎದ್ದ. ಗೂಟದ ಮೇಲಿನ ಅಂಗಿ ಎಳೆದು ಒಂದು ತೋಳು ತೂರಿಸಿಕೊಂಡ, ಬಾಗಿಲ ಬಳಿಯ ಚಪ್ಪಲಿಗೆ ಕಾಲು ಹಾಕಿದ. "ಏಳ, ಶಂಕ್ರೀ," ಎಂದು ಕೋಣೆಯ ಮೂಲೆಗೆ ತಿರುಗಿ ಕೂಗಿದ. "ಏಳ, ಆಟೋ ತರತೀನಿ."

ಮೂಲೆಯಲ್ಲಿ ಸುತ್ತಿಟ್ಟ ಹಾಸಿಗೆ ಇತ್ತು. ಅವನು ಅದನ್ನೇ ನೋಡುತ್ತ ನಿಂತ. ಬಸಲಿಂಗವ್ವ ಎದ್ದು ಹೋಗಿ ಅವನ ತೋಳು ಹಿಡಿದು ಚಾಪೆಯ ಮೇಲೆ ಕೂಡಿಸಿದರು.